ಬೈಲಿನಲ್ಲಿ ನಾಟಿ ಮಾಡಿದ ಕಟ್ಟಡ

ಕೆಳಗಿನ ಕಂಬಗಳು ಮಂಡಿ ಮಡಚಿದಂತೆ ಕುಸಿದು, ಮೇಲಿನ ನಾಲ್ಕು ಮಹಡಿಗಳು ಇಡಿಯಾಗಿ ಕಾರುಗಳ ಮೇಲೆ ಕೂತುಬಿಡಬಹುದಿತ್ತು. ಕುಸಿಯದಿದ್ದರೂ ಕಟ್ಟಡ ಹೊಳೆಯ ಕಡೆಗೆ ತುಸು ವಾಲಿ, ಬಾಗಿಲುಗಳೆಲ್ಲ ದಾರಂದದ ಚೌಕಟ್ಟಿನಲ್ಲಿ ಕಚ್ಚಿಕೊಂಡು, ಒಳಗಿದ್ದವರು ಒಳಗೇ ಉಳಿಯಬಹುದಿತ್ತು. ತಾರಸಿಯ ನೀರಿನ ಟ್ಯಾಂಕುಗಳು ಜಾರಿ, ಓಡಿ ಹೊರಗೆ ಬಂದವರ ತಲೆಯ ಮೇಲೆಯೇ ಬೀಳಬಹುದಿತ್ತು. ಗ್ಯಾಸಿನ ಪೈಪು ಕಳಚಬಹುದಿತ್ತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಡಬಹುದಿತ್ತು. ಮೆಟ್ಟಿಲಿನಲ್ಲಿ ಒಬ್ಬರು ಎಡವಿ, ಅವರ ಮೇಲೆ ಇನ್ನೊಬ್ಬರು, ಇನ್ನೊಬ್ಬರ ಮೇಲೆ ಮೂರನೆಯ ಮಹಡಿಯಲ್ಲಿರುವ ಸಂಘದ ಅಧ್ಯಕ್ಷರು ಬೀಳಬಹುದಿತ್ತು. ತುಂಬಿಸಿದ ಮಣ್ಣಿನಡಿಯ ಮರಳು ನೀರು ಕುಡಿದು ಗಂಜಿಯಾಗಿ, ಕಂಬಗಳು ಅದರಲ್ಲಿ ಚಮಚದಂತೆ ಇಳಿಯಬಹುದಿತ್ತು. ನನ್ನ ತಂಗಿಯ ಮನೆಯ ಬಾಣಂತಿಯ ಹೊಲಿಗೆ ಬಿಚ್ಚಿಕೊಳ್ಳಬಹುದಿತ್ತು. ಮಗು ಯಾರದೋ ಕೈಯಿಂದ ಜಾರಬಹುದಿತ್ತು. ಇದನ್ನೆಲ್ಲ ನೋಡಿ ನನ್ನ ಎದೆಯೇ ನಿಂತುಹೋಗಬಹುದಿತ್ತು. ಪುತ್ತೂರಿನಿಂದ ಬರಬೇಕಾದ ಆಂಬುಲೆನ್ಸು ಮಾಣಿ ಪೇಟೆಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು ಕೂಗುತ್ತಾ ನಿಂತಿರಬಹುದಿತ್ತು.

ಇವೆಲ್ಲವನ್ನೂ ನಾನು ನೆಲ ಅಲುಗುವುದಕ್ಕಿಂತ ಬಹಳ ಮೊದಲೇ ಯೋಚಿಸಿ ಇಟ್ಟಿದ್ದೆ. ಗುಡುಗು ಬರುವ ಮೊದಲು ಟಿ.ವಿ.ಯ ವಯರು ಕೀಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಹೆಂಡತಿಯ ಪ್ರಕಾರ ನಾನು ಮೋಡ ಕಂಡ ಕೂಡಲೇ ಟಿ.ವಿ.ಯನ್ನೇ ಮಾರಿಬಿಡುವ ಪೈಕಿ. ನನ್ನ ಕೆಲಸವೂ ಹಾಗೆಯೇ ಉಂಟು. ಅಪಘಾತವಾದ ವಾಹನಗಳನ್ನು ನೋಡಿ ವಿಮೆಯವರಿಗೆ ವರದಿ ಕೊಡುವುದು. ಮನೆ ಮೂಡುಬಿದಿರೆಯಲ್ಲಿ, ತಿರುಗಾಟ ಬಂಟ್ವಾಳ, ಬೆಳ್ತಂಗಡಿಯ ರಸ್ತೆಗಳಲ್ಲಿ. ವರ್ಷಗಟ್ಟಲೆ ಒಡೆದದ್ದನ್ನೇ ನೋಡುತ್ತಾ ಬಂದವನಿಗೆ ಇಡಿಯಾಗಿರುವುದರ ಮೇಲೆ ನಂಬಿಕೆ ಕಡಿಮೆ. ನನ್ನ ಕಾರಿನ ಡಿಕ್ಕಿಯಲ್ಲಿ ಟಾರ್ಚು, ಹಗ್ಗ, ಸೀಟಿ, ಬಿಸ್ಕತ್ತು, ಗಾಯದ ಔಷಧ, ಒಂದು ಸಣ್ಣ ಹಾರೆ ಸದಾ ಇರುತ್ತವೆ. ನಗುವವರು ನಗಲಿ. ನಾನೂ ನಗುತ್ತೇನೆ, ಆದರೆ ಹಾರೆಯನ್ನು ತೆಗೆಯುವುದಿಲ್ಲ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಮ್ಮ ಕಡೆ ನೆಲಕ್ಕೆ ಮೂರು ಹೆಸರು. ಎತ್ತರದ ಒಣ ಜಾಗ ಬೆಟ್ಟು. ನಡುವಿನದು ಮಜಲು. ಎಲ್ಲಕ್ಕಿಂತ ತಗ್ಗಿನಲ್ಲಿ, ಬೇಸಗೆಯಲ್ಲೂ ನೀರಿನ ಪಸೆ ಆರದ ಗದ್ದೆ ಬೈಲು. ಬೇಸಾಯ ಬೈಲಿನಲ್ಲಿ, ವಾಸ ಬೆಟ್ಟಿನಲ್ಲಿ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಜಾಗದ ಹೆಸರಿನ ಬಾಲವೇ ಹೇಳುತ್ತಿತ್ತು. ಬೈಲಿನಲ್ಲಿ ಮನೆ ಕಟ್ಟುತ್ತೇನೆ ಎಂದರೆ ಹೊಳೆಯಲ್ಲಿ ಚಾಪೆ ಹಾಸುತ್ತೇನೆ ಎಂದ ಹಾಗೆ.

ನರಿಕೊಂಬಿನ ಆಚೆಗೆ, ನೇತ್ರಾವತಿಯ ಮಗ್ಗುಲಲ್ಲಿ ಇಂಥದೊಂದು ಬೈಲಿತ್ತು. ಒಂದು ಬೇಸಗೆಯಲ್ಲಿ ಲಾರಿಗಳು ಬಂದವು. ಎಲ್ಲಿಯೋ ಕಡಿದ ಗುಡ್ಡದ ಕೆಂಪು ಮಣ್ಣು, ಒಡೆದ ಗೋಡೆಗಳ ಕಲ್ಲು, ಹಂಚಿನ ಚೂರು, ಹರಿದ ಚೀಲಗಳು, ಸಿಕ್ಕಿದ್ದೆಲ್ಲ ಅಲ್ಲಿಗೆ ಸುರಿಯಿತು. ಆ ಮಣ್ಣು ಒಂದು ಮಳೆಗಾಲವನ್ನೂ ನೆಟ್ಟಗೆ ಕಾಣುವ ಮೊದಲು ಕಂಬಗಳು ಎದ್ದವು. ಹಿಂದೆ ಅಲ್ಲಿ ಪೈರು ನಾಟಿ ಮಾಡುತ್ತಿದ್ದದ್ದೂ ಹೀಗೆಯೇ: ಕೆಸರಿನಲ್ಲಿ, ಸಾಲಾಗಿ, ಬೇಗ ಬೇಗ. ಬಣ್ಣದ ಕಾಗದದ ಜಾಹೀರಾತಿನಲ್ಲಿ ಜಾಗದ ಹೆಸರಿನ ಕೊನೆಯಲ್ಲಿದ್ದ ಬೈಲು ಉದುರಿಹೋಗಿ ಅಲ್ಲಿ ‘ಹೈಟ್ಸ್’ ಎಂದು ಬಂತು. ಬೈಲು ಒಂದೇ ವರ್ಷದಲ್ಲಿ ಬೆಟ್ಟು ಆಯಿತು, ಅದೂ ಇಂಗ್ಲಿಷಿನಲ್ಲಿ. ಮನೆಯ ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಮೊದಲ ಕಲ್ಲು ಹಾಕುವ ಶಾಸ್ತ್ರವನ್ನು ನಮ್ಮಲ್ಲಿ ಕೆಸರುಕಲ್ಲು ಎನ್ನುತ್ತಾರೆ. ಈ ಕಟ್ಟಡದ ಮಟ್ಟಿಗೆ ಅದು ಶಾಸ್ತ್ರದ ಹೆಸರಲ್ಲ, ತಾಂತ್ರಿಕ ವರದಿ.

ಅದರ ಎರಡನೆಯ ಮಹಡಿಯಲ್ಲಿ ನನ್ನ ತಂಗಿ ಮನೆ ಕೊಂಡಳು. ಅವಳನ್ನು ದೂರುವ ಹಾಗಿಲ್ಲ. ಬಂಟ್ವಾಳ ಪೇಟೆಯ ಬಾಡಿಗೆ ಮನೆಗೆ ಮಳೆಗಾಲದಲ್ಲಿ ನೆರೆ ಬರುತ್ತಿತ್ತು. ಫ್ರಿಜ್ಜನ್ನು ಮೇಜಿನ ಮೇಲೆ ಏರಿಸಿ ಇಳಿಸಿ ಅವಳ ಗಂಡನ ಸೊಂಟ ಹೋಗಿತ್ತು. ಎರಡನೆಯ ಮಹಡಿಗೆ ಯಾವ ನೆರೆಯೂ ಬರುವುದಿಲ್ಲ. ಕೆಳಗೆ ಒಂದು ಬದಿಯದು ಬಿಟ್ಟರೆ ಗೋಡೆಗಳೇ ಇಲ್ಲ, ಬರೇ ಕಂಬಗಳು. ನೀರು ಬಂದರೆ ನಡುವಿನಿಂದ ಹಾದುಹೋಗುತ್ತದೆ, ಬಾರದಿದ್ದರೆ ಕಾರು ನಿಲ್ಲುತ್ತದೆ ಎಂದು ಕಟ್ಟಿಸಿದವರು ವಿವರಿಸಿದ್ದರು. ಮೇಲೆ ಗೋಡೆಗಳಿಂದ ಬಿಗಿದ ನಾಲ್ಕು ಪೆಟ್ಟಿಗೆ, ಕೆಳಗೆ ಸಪೂರ ಕಾಲು. ನೆಲ ಅಡ್ಡಕ್ಕೆ ಅಲುಗಿದರೆ ಪೆಟ್ಟಿಗೆಗಳು ಒಟ್ಟಿಗೇ ಓಲಾಡುತ್ತವೆ, ಅಷ್ಟೂ ಭಾರದ ಪೆಟ್ಟು ಬೀಳುವುದು ಕಾಲುಗಳಿಗೆ. ತಂಗಿ ನೀರಿಗೆ ಹೆದರಿ ಎತ್ತರಕ್ಕೆ ಹೋದಳು. ಆ ಎತ್ತರ ಯಾವುದರ ಮೇಲೆ ನಿಂತಿದೆ ಎಂದು ಕೇಳಿದವನು ನಾನೊಬ್ಬನೇ, ಮತ್ತು ನಾನು ಎಲ್ಲದಕ್ಕೂ ಹಾಗೆಯೇ ಕೇಳುವವನು ಎಂದು ಮೊದಲೇ ಹೆಸರು ಕೆಡಿಸಿಕೊಂಡಿದ್ದೆ.

ಪರಿಚಯದ ಎಂಜಿನಿಯರ್ ಒಬ್ಬರನ್ನು ಚಾ ಕುಡಿಯುವ ನೆಪದಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಸುತ್ತು ಬಂದು, ಮೆಟ್ಟಿಲಿನ ಬುಡದಲ್ಲಿ ಮಣ್ಣು ತಗ್ಗಿಗೆ ಇಳಿದು ಕೈ ತೂರುವಷ್ಟು ಸಂದು ಆಗಿದ್ದನ್ನು ನೋಡಿದರು. ಕೆಳಗೆ ರಸ್ತೆಯ ಬದಿಯಲ್ಲಿ ಎರಡು ಕಂಬಗಳ ನಡುವೆ ಒಂದೇ ಒಂದು ಗಟ್ಟಿ ಗೋಡೆ ಇತ್ತು. ಅದನ್ನು ತಟ್ಟಿ, ಇರುವುದರಲ್ಲಿ ಇದೊಂದು ಒಳ್ಳೆಯದು, ಇಂಥದ್ದು ಎಲ್ಲ ಬದಿಗೂ ಬೇಕಿತ್ತು, ಕಂಬಗಳನ್ನೂ ದಪ್ಪ ಮಾಡಿಸಬೇಕು, ಮಣ್ಣಿನ ಪರೀಕ್ಷೆ ಆಗಿದೆಯೋ ಕೇಳಿ ಎಂದರು. ಇದನ್ನೇ ಬರೆದುಕೊಡಿ ಎಂದೆ.

‘‘ಬರೆದು ಕೊಡಬಹುದು,’’ ಎಂದರು. ‘‘ಆದರೆ ನನಗೂ ಇದೇ ಊರಲ್ಲಿ ಕೆಲಸ ಸಿಗಬೇಕಲ್ಲ ಮಾರಾಯ್ರೆ.’’

ಚಾ ಒಳ್ಳೆಯದಿತ್ತು ಎಂದು ತಂಗಿಗೆ ಹೇಳಿ ಅವರು ಹೊರಟುಹೋದರು.

ಮತ್ತೆ ನಾನು ಆ ಕಟ್ಟಡದ ಮನೆಯವರ ಸಂಘದ ಸಭೆಗೆ ಹೋದೆ, ತಂಗಿಯ ಅಣ್ಣನೆಂಬ ಒಂದೇ ಅರ್ಹತೆಯಲ್ಲಿ. ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು, ಮೂರನೆಯ ಮಹಡಿಯಲ್ಲಿ ಇರುವವರು, ಬಹಳ ಮರ್ಯಾದೆಯ ಮನುಷ್ಯ. ಮರ್ಯಾದೆಯವರೊಂದಿಗೆ ಜಗಳವಾಡುವುದು ಎಷ್ಟು ಕಷ್ಟ ಎಂದು ಅವರಿಂದ ಕಲಿತೆ. ತಟ್ಟೆಯಲ್ಲಿ ಅಕ್ಕಿ ಬೆಲ್ಲದ ಮೆತ್ತನೆಯ ಹಾಲುಬಾಯಿ ಇಟ್ಟು ತಟ್ಟೆಯನ್ನು ಸ್ವಲ್ಪ ಅಲುಗಿಸಿದರೂ ಹಾಲುಬಾಯಿ ಎಷ್ಟು ಹೊತ್ತು ನಡುಗುತ್ತದೆ ನೋಡಿ, ಗಟ್ಟಿ ನೆಲ ತಟ್ಟೆ, ನಮ್ಮದು ಹಾಲುಬಾಯಿ ಎಂದು ವಿವರಿಸಿದೆ. ಹಿಂದಿನಿಂದ ಯಾರೋ, ಇವತ್ತು ತಿಂಡಿಗೆ ಹಾಲುಬಾಯಿ ಉಂಟಾ ಎಂದು ಕೇಳಿದರು. ಎಲ್ಲರೂ ನಕ್ಕರು. ಅಧ್ಯಕ್ಷರು ನಗು ಮುಗಿಯುವವರೆಗೆ ಕಾದು, ‘‘ದಾಲ ಆಪುಜಿ,’’ ಎಂದರು. ಏನೂ ಆಗುವುದಿಲ್ಲ. ತುಳುವಿನಲ್ಲಿ ಇಷ್ಟು ಸಮಾಧಾನ ಕೊಡುವ ಮಾತು ಇನ್ನೊಂದಿಲ್ಲ, ಇಷ್ಟು ಜನರನ್ನು ಮಲಗಿಸಿದ ಮಾತೂ ಇನ್ನೊಂದಿಲ್ಲ. ಇದು ಭೂಕಂಪದ ಊರಲ್ಲ, ಆಗುವುದಿದ್ದರೆ ನಮ್ಮ ಅಜ್ಜಂದಿರ ಕಾಲದಲ್ಲೇ ಆಗುತ್ತಿತ್ತು ಎಂದು ವಿವರಿಸಿದರು. ನಿಮ್ಮ ಅಜ್ಜಂದಿರು ಬೈಲಿನಲ್ಲಿ ನಾಲ್ಕು ಮಹಡಿ ಕಟ್ಟಿದ್ದರೇ ಎಂದು ಕೇಳಬೇಕಿತ್ತು. ಅದು ನನಗೆ ಹೊಳೆದದ್ದು ಮೂಡುಬಿದಿರೆಗೆ ವಾಪಸು ಬರುವ ದಾರಿಯಲ್ಲಿ, ಸ್ಟಿಯರಿಂಗಿಗೆ ಹೊಡೆದುಕೊಳ್ಳುತ್ತಾ.

ಆ ಸಭೆಯಲ್ಲಿ ಒಂದು ತೀರ್ಮಾನವೂ ಆಯಿತು. ಕೆಳಗಿನ ಆ ಒಂದೇ ಗೋಡೆಯಿಂದಾಗಿ ಅಧ್ಯಕ್ಷರ ಹೊಸ ಕಾರು ತಿರುಗುತ್ತಿರಲಿಲ್ಲ. ಗೋಡೆ ಒಡೆಯುವುದೆಂದು ಒಮ್ಮತದಿಂದ ಒಪ್ಪಿದರು. ನಾನು ಸದಸ್ಯನಲ್ಲವಾದ್ದರಿಂದ ನನ್ನ ಕೈ ಲೆಕ್ಕಕ್ಕೆ ಬರಲಿಲ್ಲ. ಮುಂದಿನ ಸಲ ಹೋದಾಗ ಅಲ್ಲಿ ಗೋಡೆಯಿಲ್ಲ. ಅದರ ಬುಡದ ಗುರುತಿನ ಮೇಲೆ ಕಾರು ಠೀವಿಯಿಂದ ನಿಂತಿತ್ತು.

ಆ ವರ್ಷದ ಮಳೆಗಾಲದಲ್ಲಿ ತಂಗಿಯ ಮಗಳಿಗೆ ಹೆರಿಗೆ. ಅವಳನ್ನು ಕೊಟ್ಟದ್ದು ಬೆಳ್ತಂಗಡಿಗೆ. ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲಿ ಆಗಬೇಕು, ತಾಯಿಯ ಮನೆ ಬೈಲಿನ ಮೇಲೆ. ಮೂಡುಬಿದಿರೆಯ ನನ್ನ ಮನೆ ಮುರಕಲ್ಲಿನ ಪಾದೆಯ, ಗಟ್ಟಿ ಬಂಡೆಯ, ಮೇಲಿದೆ. ಅಲ್ಲಿ ಬಾವಿ ತೋಡಿದವರು ಈಗಲೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಬಾಣಂತನ ನಮ್ಮಲ್ಲಿ ಮಾಡುವ, ನೀನೂ ಬಾ, ಕೆಲಸಕ್ಕೆ ಜನ ಇಡುವ ಎಂದು ತಂಗಿಗೆ ಹೇಳಿದೆ.

‘‘ಬೆಳ್ತಂಗಡಿಯವರು ಏನು ಹೇಳ್ತಾರೆ? ತಾಯಿಗೆ ಕೈಲಾಗಲಿಲ್ಲ, ಸೋದರಮಾವನ ಮನೆಗೆ ಕಳಿಸಿದಳು ಅಂತ ಅಲ್ವಾ?’’

‘‘ಭೂಕಂಪದ ವಿಷಯ ಅವರಿಗೆ ನಾನು ಹೇಳ್ತೇನೆ.’’

‘‘ನೀನು ಹೇಳಿದರೆ ಮೊದಲು ನಿನ್ನನ್ನು ಡಾಕ್ಟರಿಗೆ ತೋರಿಸಿ ಅಂತಾರೆ.’’

ಒಂದು ಕಾಲದಲ್ಲಿ ನಮ್ಮ ಮನೆತನಗಳಲ್ಲಿ ಸೋದರಮಾವನ ಮಾತೆಂದರೆ ತೀರ್ಪು. ನನ್ನ ಪಾಲಿಗೆ ಬರುವ ಹೊತ್ತಿಗೆ ಆ ಅಧಿಕಾರ ಮದುವೆಯಲ್ಲಿ ಫೋಟೋಕ್ಕೆ ನಿಲ್ಲುವಷ್ಟಕ್ಕೆ ಇಳಿದಿತ್ತು. ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಎರಡನೆಯ ಮಹಡಿಗೆ ಬಂದರು. ಕೋಣೆಯ ಸ್ಲ್ಯಾಬಿನ ಕೊಂಡಿಗೆ ತೊಟ್ಟಿಲು ಕಟ್ಟಿದರು. ನಾನು ಬಂದು ಮಗುವನ್ನು ನೋಡುವ ಮೊದಲು ಕೊಂಡಿಯನ್ನು ನೋಡಿದೆ ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ.

ಆ ದಿನ ಬೆಳಿಗ್ಗೆ ನಾನು ಬಂಟ್ವಾಳದಲ್ಲಿ ಒಂದು ಜೀಪು ನೋಡುವುದಿತ್ತು. ಮುಗಿಸಿಕೊಂಡು ತಂಗಿಯ ಮನೆಗೆ ಹೋದೆ. ಮಳೆ ಬಿಡದೆ ಹೊಯ್ಯುತ್ತಿತ್ತು. ಕಾರನ್ನು ನಾನು ಆ ಕಂಬಗಳ ಕೆಳಗೆ ಎಂದೂ ನಿಲ್ಲಿಸಿದವನಲ್ಲ. ರಸ್ತೆ ದಾಟಿ, ಏರು ಹತ್ತಿ, ಬೆಟ್ಟಿನ ಮೇಲೆ ನಿಲ್ಲಿಸಿ ಕೊಡೆ ಹಿಡಿದುಕೊಂಡು ನಡೆದು ಬರುತ್ತೇನೆ. ಮೆಟ್ಟಿಲು ಹತ್ತುವಾಗ ನೋಡುತ್ತೇನೆ, ಪ್ರತಿ ಮನೆಯ ಬಾಗಿಲಿನ ಹೊರಗೆ ನೀರು ಸೋರಲೆಂದು ಬಿಡಿಸಿಟ್ಟ ಕೊಡೆಗಳು. ನಮ್ಮ ಊರಿನಲ್ಲಿ ಒದ್ದೆ ಕೊಡೆಯನ್ನು ಯಾರೂ ಒಳಗೆ ತರುವುದಿಲ್ಲ. ಮೆಟ್ಟಿಲಿನ ತಿರುವುಗಳಲ್ಲೆಲ್ಲ ಕಪ್ಪು, ನೀಲಿ, ಹೂವಿನ ಕೊಡೆಗಳು ಅಣಬೆಗಳ ಹಾಗೆ ಎದ್ದು ದಾರಿಯನ್ನೇ ಮುಚ್ಚಿದ್ದವು. ಓಡಿ ಇಳಿಯಬೇಕಾಗಿ ಬಂದರೆ ಮೊದಲು ಎಡವುವುದೇ ಇಲ್ಲಿ ಎಂದು ತೋರಿತು. ಒಂದೊಂದನ್ನೇ ಮಡಚಿ, ನಾಲ್ಕನೆಯ ಮಹಡಿಯವರೆಗೂ ಹೋಗಿ ಒಟ್ಟು ಮಾಡಿ, ನನ್ನದನ್ನೂ ಸೇರಿಸಿ, ಕಟ್ಟಿಗೆಯ ಹೊರೆಯ ಹಾಗೆ ತಬ್ಬಿಕೊಂಡು ಬಂದು ತಂಗಿಯ ಬಚ್ಚಲುಮನೆಯಲ್ಲಿ ಇಟ್ಟೆ.

‘‘ಊರಿನವರ ಕೊಡೆಯೆಲ್ಲ ನನ್ನ ಬಚ್ಚಲಲ್ಲಿ ಯಾಕೆ?’’ ಎಂದು ತಂಗಿ ಕೇಳಿದಳು. ಮೆಟ್ಟಿಲು ಖಾಲಿ ಇರಬೇಕು ಎಂದೆ. ಚಾ ಕುಡಿದು ಇದ್ದಲ್ಲೇ ಇಟ್ಟು ಬಾ, ಇಲ್ಲದಿದ್ದರೆ ನಾನು ಈ ಕಟ್ಟಡದಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದಳು.

ಚಾ ಅರ್ಧ ಕುಡಿದಿದ್ದೆ. ಮೊದಲು ಲೋಟದಲ್ಲಿ ಉಂಗುರ ಎದ್ದಿತು. ಲಾರಿ ಹೋದದ್ದಿರಬೇಕು ಎಂದುಕೊಂಡೆ. ಜೀವಮಾನವಿಡೀ ಹೆದರಿದವನು ನಿಜವಾಗಿ ಹೆದರಬೇಕಾದ ಹೊತ್ತಿನಲ್ಲಿ ಲಾರಿ ಎಂದುಕೊಂಡೆ. ಒಳಕೋಣೆಯಲ್ಲಿ ತಂಗಿಯ ದನಿ, ಬಹಳ ಮೆಲ್ಲಗೆ, ‘‘ತೊಟ್ಟಿಲು ತೂಗಿದ್ದು ಯಾರು?’’

ಯಾರೂ ತೂಗಿರಲಿಲ್ಲ. ಬಾಣಂತಿ ಮಗಳು ಮಂಚದ ಮೇಲೆ ಇದ್ದಳು, ತಂಗಿ ಬಾಗಿಲಲ್ಲಿ. ಫ್ಯಾನು ಓಲಾಡುತ್ತಿತ್ತು, ಕಿಟಕಿಯ ಗಾಜು ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು, ಮತ್ತು ಮಲಗಿದ ಮಗುವನ್ನು ಹೊತ್ತುಕೊಂಡು ತೊಟ್ಟಿಲು ತನ್ನಷ್ಟಕ್ಕೇ ಹೊಳೆಯ ಕಡೆಗೂ ರಸ್ತೆಯ ಕಡೆಗೂ ಹೋಗಿ ಬರುತ್ತಿತ್ತು. ಮಗಳು ಎದ್ದು ಮಗುವನ್ನು ಎತ್ತಿಕೊಂಡಳು. ನಾನು ಎಲ್ಲರಿಗಿಂತ ಮುಂದೆ ಮೆಟ್ಟಿಲಿನಲ್ಲಿದ್ದೆ. ಅದನ್ನು ದಾರಿ ತೋರಿಸಲಿಕ್ಕೆ ಎಂದು ಆಮೇಲೆ ವಿವರಿಸಿದೆ.

ಯಾರೂ ಎಡವಲಿಲ್ಲ. ಅಷ್ಟೂ ಮನೆಯವರು ಖಾಲಿ ಮೆಟ್ಟಿಲಿನಲ್ಲಿ ಸರಾಗವಾಗಿ ಇಳಿದು ಬಂದರು. ನಾನು ಅಂಗಳ ದಾಟಿ ಮಳೆಯಲ್ಲಿ ರಸ್ತೆಗೆ ಬಂದು ಹಿಂದಿರುಗಿ ನೋಡಿದರೆ, ಹಿಂದೆ ಒಬ್ಬರೂ ಇಲ್ಲ. ಎಲ್ಲರೂ ಕಟ್ಟಡದ ಕೆಳಗೆ, ಕಾರುಗಳ ನಡುವೆ, ಕಂಬಗಳಿಗೆ ಒರಗಿ ನಿಂತಿದ್ದರು. ಹೊರಗೆ ಮಳೆ. ಕೈಯಲ್ಲಿ ಕೊಡೆ ಇಲ್ಲ. ಕೊಡೆ ಇಲ್ಲದೆ ಮಳೆಗೆ ಇಳಿಯುವವರು ನಮ್ಮ ಜಿಲ್ಲೆಯಲ್ಲಿ ಯಾರು? ಭೂಮಿ ನಡುಗಿದ್ದಕ್ಕೆ ಕೆಳಗೆ ಓಡಿ ಬಂದವರು ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗವನ್ನು ಆರಿಸಿ, ನಾಲ್ಕು ಮಹಡಿಗಳನ್ನು ಕೊಡೆಯಾಗಿ ಹಿಡಿದುಕೊಂಡು ನಿಂತಿದ್ದರು. ನಡುವಿನಲ್ಲಿ, ಕಿವಿಗೆ ಬಟ್ಟೆ ಬಿಗಿದ ಬಾಣಂತಿ ಮತ್ತು ಅವಳ ಮಗು.

ಬನ್ನಿ ಹೊರಗೆ ಎಂದು ಕೂಗಿದೆ. ಮಳೆಯ ಸದ್ದಿನಲ್ಲಿ ಅರ್ಧ ಕೇಳಿಸಿರಬೇಕು. ಅಧ್ಯಕ್ಷರು ಒಂದು ಕೈಯನ್ನು ಕಂಬದ ಮೇಲಿಟ್ಟು ಇನ್ನೊಂದು ಕೈಯಿಂದ ನನ್ನನ್ನು ಕರೆದರು. ‘‘ನೀವು ಒಳಗೆ ಬನ್ನಿ ಮಾರಾಯ್ರೆ. ಸುಮ್ಮನೆ ಮಳೆಯಲ್ಲಿ ಯಾಕೆ ಚಂಡಿಯಾಗ್ತೀರಿ?’’

ನನಗೆ ಜೀವನದಲ್ಲಿ ಅಷ್ಟು ಸಿಟ್ಟು ಬಂದದ್ದಿಲ್ಲ. ಲಾರಿಯಲ್ಲಿ ಮಣ್ಣು ಸುರಿದವರ ಮೇಲೆ, ಬೈಲನ್ನು ಹೈಟ್ಸ್ ಮಾಡಿದವರ ಮೇಲೆ, ಬರೆದುಕೊಡದೆ ಚಾ ಕುಡಿದುಹೋದವರ ಮೇಲೆ ಬಂದ ಸಿಟ್ಟೆಲ್ಲ ಆ ಒಂದು ಮರ್ಯಾದೆಯ ಮಾತಿನ ಮೇಲೆ ಬಂತು.

‘‘ನೀವು ನಿಂತದ್ದು ಆ ಗೋಡೆ ಇದ್ದ ಜಾಗದಲ್ಲಿ,’’ ಎಂದೆ. ‘‘ಇನ್ನೊಮ್ಮೆ ಅಲುಗಿದರೆ ಕಾರು ತಿರುಗಿಸಲಿಕ್ಕೂ ನೀವು ಇರುವುದಿಲ್ಲ.’’

ಕೇಳಬಾರದ ಮಾತು ಕೇಳಿದಂತೆ ಅವರು ತಂಗಿಯ ಮುಖ ನೋಡಿದರು. ತಂಗಿ ನಾಚಿಕೆಯಿಂದ ಕೆಂಪಾಗಿದ್ದಳು. ‘‘ಬಾಣಂತಿ ಮಳೆಗೆ ಬರುವುದಾ?’’ ಎಂದಳು ನನಗೆ. ‘‘ಹಸಿ ಮಗು. ನಿನಗೆ ಬುದ್ಧಿ ಉಂಟಾ?’’

ಸುತ್ತಲಿನ ಹೆಂಗಸರು ಅವಳ ಪರ. ಶೀತ ಹಿಡಿದರೆ ಮತ್ತೆ ಬಿಡುವುದಿಲ್ಲ ಎಂದು ಒಬ್ಬರು, ಎದೆಹಾಲು ಕೆಡುತ್ತದೆ ಎಂದು ಇನ್ನೊಬ್ಬರು. ಈ ನಡುವೆ ಮೊದಲನೆಯ ಮಹಡಿಯವರು ತಮ್ಮ ಹೂವಿನ ಕೊಡೆ ಬಾಗಿಲಲ್ಲೇ ಇತ್ತಲ್ಲ, ಯಾರು ಕದ್ದದ್ದು ಎಂದು ವಿಚಾರಿಸತೊಡಗಿದರು. ನಾನು ಮಳೆಯಲ್ಲಿ ನಿಂತು ನನ್ನ ಬುದ್ಧಿವಂತಿಕೆಯನ್ನೇ ಕುಡಿಯುತ್ತಿದ್ದೆ. ಮೇಲೆ ಹೋಗಿ ಕೊಡೆ ತರುವ ಹಾಗಿಲ್ಲ. ಬೈದು ಕರೆಸುವ ಹಾಗಿಲ್ಲ. ಎಳೆದು ತರುವ ಅಧಿಕಾರ ನನ್ನ ಅಜ್ಜನ ಕಾಲಕ್ಕೇ ಮುಗಿದಿತ್ತು.

ಆಗ ತಂಗಿಯ ಮಗಳು ಕಿವಿಯ ಬಟ್ಟೆಯನ್ನು ಬಿಚ್ಚಿದಳು. ಅದನ್ನು ಮಗುವಿನ ತಲೆಗೆ ಸುತ್ತಿ, ಸೆರಗನ್ನು ಮೇಲಿನಿಂದ ಮುಚ್ಚಿದಳು.

‘‘ಅಮ್ಮ, ಮಾವ ಹೆದರುವುದು ಯಾವಾಗಲೂ ಇದ್ದದ್ದೇ,’’ ಎಂದಳು. ‘‘ಆದರೆ ತೊಟ್ಟಿಲು ತೂಗಿದ್ದು ಮಾವ ಅಲ್ಲ.’’

ಹೀಗೆಂದು ಅವಳು ಮಳೆಗೆ ಇಳಿದಳು. ತಂಗಿ ನನಗೆ ಬೈಯುತ್ತಾ ಅವಳ ಹಿಂದೆ ಓಡಿ ಬಂದಳು. ಮತ್ತೆ ಯಾರೂ ಬರಲಿಲ್ಲ. ಮೂವರೂ ರಸ್ತೆ ದಾಟಿದೆವು. ಕಾರು ಹತ್ತಿರದಲ್ಲಿದ್ದರೆ ಇಷ್ಟು ನೆನೆಯುತ್ತಿರಲಿಲ್ಲ. ಅದು ನನ್ನ ಮುನ್ನೆಚ್ಚರಿಕೆಯಿಂದಾಗಿ ಏರಿನ ತುದಿಯಲ್ಲಿತ್ತು. ಡಿಕ್ಕಿಯಲ್ಲಿ ಟಾರ್ಚು, ಹಗ್ಗ, ಸೀಟಿ, ಹಾರೆ ಎಲ್ಲವೂ ಒಣಗಿ ಭದ್ರವಾಗಿದ್ದವು.

ನೆಲ ಆ ದಿನ ಮತ್ತೆ ಅಲುಗಲಿಲ್ಲ. ಕಾರಿನಲ್ಲಿ ಕೂತು ಮನೆಗೆ ಫೋನು ಮಾಡಿದೆ. ಮೂಡುಬಿದಿರೆಯಲ್ಲಿ ಹೆಂಡತಿ ಜಗಲಿಯಲ್ಲಿ ಪೇಪರು ಓದುತ್ತಿದ್ದಳಂತೆ. ಭೂಕಂಪ ಎಂದಾಗ, ‘‘ಯಾವಾಗ?’’ ಎಂದು ಕೇಳಿದಳು. ಬೆಳ್ತಂಗಡಿಯಿಂದ ತಂಗಿಯ ಅಳಿಯನ ತಾಯಿ ಫೋನು ಮಾಡಿ, ಕಪಾಟಿನಲ್ಲಿ ಬಟ್ಟಲುಗಳು ಸ್ವಲ್ಪ ಕಿಣಿಕಿಣಿ ಅಂದವು, ನಿಮ್ಮಲ್ಲಿಯೂ ಆಯಿತಾ ಎಂದರು. ಒಂದೇ ನಡುಕ. ಪಾದೆಯ ಮೇಲೆ ಪೇಪರು ಅಲುಗಲಿಲ್ಲ, ಬೈಲಿನ ಮೇಲೆ ತೊಟ್ಟಿಲು ತೂಗಿತು. ಇದಕ್ಕಿಂತ ಸರಳವಾಗಿ ಭೂಮಿಗೆ ಹೇಳಲು ಬರುವುದಿಲ್ಲ. ಅಧ್ಯಕ್ಷರಿಗೆ ಇದನ್ನು ತಿಳಿಸಿದಾಗ, ಮೂಡುಬಿದಿರೆ ದೂರ ಅಲ್ಲವಾ ಎಂದರು.

ಸಂಜೆಗೆ ಕಟ್ಟಡದವರ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಕಟ್ಟಡ ಪರೀಕ್ಷೆಯಲ್ಲಿ ಪಾಸು’ ಎಂದು ಬಂತು, ಕೆಳಗೆ ಕೈಮುಗಿದ ಚಿತ್ರಗಳು. ಕೆಲವು ದಿನಗಳಲ್ಲಿ ಕಟ್ಟಿಸಿದವರ ಹೊಸ ಜಾಹೀರಾತಿನಲ್ಲಿ ಭೂಕಂಪವನ್ನೂ ತಾಳಿಕೊಂಡ ಗುಣಮಟ್ಟ ಎಂಬ ಸಾಲು ಸೇರಿತು. ಅವರೀಗ ಪಕ್ಕದ ಬೈಲಿಗೆ ಮಣ್ಣು ಹಾಕಿಸುತ್ತಿದ್ದಾರೆ. ನಾನು ಒಂದು ಕಚೇರಿಗೆ ಹೋಗಿ ದೂರು ಕೊಡಬೇಕೆಂದೆ. ಮೇಜಿನ ಆಚೆಯವರು, ಬಿದ್ದಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ದೂರು ಯಾವುದರ ಮೇಲೆ ಎಂದರು. ಗೋಡೆಯನ್ನು ಯಾರೂ ಮತ್ತೆ ಕಟ್ಟಲಿಲ್ಲ. ಕೊಡೆಗಳನ್ನು ತಂಗಿಯ ಗಂಡ ಮನೆಮನೆಗೆ ಕೊಂಡುಹೋಗಿ ಕ್ಷಮೆ ಕೇಳಿ ಕೊಟ್ಟು ಬಂದರು.

ತಂಗಿಯ ಮಗಳು ಮಾತ್ರ, ಆ ಕೆಳಗಿನ ಕಂಬಗಳಿಗೆ ಏನಾದರೂ ಮಾಡುವ ತನಕ ಮಗುವನ್ನು ಆ ತೊಟ್ಟಿಲಿನಲ್ಲಿ ಮಲಗಿಸುವುದಿಲ್ಲ ಎಂದಳು. ಬಾಣಂತನ ನನ್ನ ಮನೆಯ ಪಾದೆಯ ಮೇಲೆ ಮುಂದುವರಿಯಿತು. ತಂಗಿ ನಮ್ಮ ಅಡುಗೆಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಎಣ್ಣೆ ಕಾಯಿಸಿದಳು. ಇದನ್ನು ನಾನು ಗೆಲುವು ಎಂದು ಯಾರಿಗೂ ಹೇಳುವ ಮೊದಲೇ ಬೆಳ್ತಂಗಡಿಯಿಂದ ಅಳಿಯನ ತಾಯಿ ಬಂದರು. ಕೊಡೆಯನ್ನು ಬಿಡಿಸಿ ಹೊರಗಿಟ್ಟು, ಒಳಗೆ ಬಂದು, ಮಗುವನ್ನು ಎತ್ತಿಕೊಂಡು ಅದರ ಮೂಗಿಗೆ ಕಿವಿ ಕೊಟ್ಟರು.

‘‘ಗೊರಗೊರ ಅಂತ ಉಂಟಲ್ಲ. ಮಗುವನ್ನು ಮಳೆಗೆ ತಂದದ್ದು ಯಾರು?’’

ತಂಗಿ ನನ್ನ ಕಡೆ ನೋಡಿದಳು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಡಾಕ್ಟರರು ನೋಡಿದ್ದಾರೆ, ಮೂಗಿಗೆ ಹನಿ ಬಿಡುತ್ತಿದ್ದೇವೆ, ಹೆದರುವಂಥದ್ದು ಏನೂ ಇಲ್ಲ ಎಂದು ನಾನು, ನಾನೇ, ಹೇಳಬೇಕಾಯಿತು. ಮಗು ನನ್ನ ಮುಖ ನೋಡಿ ಸೀನಿತು.